ಅವರಿಗೆ ಗೊತ್ತಾಗದೇ ಇರಲಿ

ಆ ಸಂಜೆ ಟೀವಿ ಮುಂದೆ ಇದ್ದದ್ದು ನಾನು ಮತ್ತು ಅಮ್ಮ ಇಬ್ಬರೇ. ಅಮ್ಮನ ಮಡಿಲಲ್ಲಿ ಹುರುಳಿಕಾಯಿ ತಟ್ಟೆ. ಇಂಗ್ಲಿಷ್ ಸಿನಿಮಾ ಅಂದರೆ ಅವಳು ಅರ್ಧ ಗಮನ ಮಾತ್ರ ಕೊಡುತ್ತಾಳೆ, ಉಳಿದರ್ಧ ನಾರು ತೆಗೆಯುವುದರಲ್ಲಿ ಇರುತ್ತದೆ. ಚಿತ್ರದಲ್ಲಿ ವಯಸ್ಸಾದ ಒಬ್ಬ ಶ್ರೀಮಂತ ಹೆಂಗಸು ಸಂಗೀತ ಪಾಠಕ್ಕೆ ನಿಂತಿದ್ದರು. ಗುರುಗಳು ಪಕ್ಕದಲ್ಲಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಪಿಯಾನೋ ಮುಂದೆ ಕೂತಿದ್ದ. ಆಕೆ ಬಾಯಿ ತೆರೆದು ಹಾಡಿದರು.

ಅಮ್ಮನ ಕೈ ನಿಂತಿತು. ಒಂದು ಕ್ಷಣ ನನ್ನ ಮುಖ ನೋಡಿದಳು, ನಿಜವಾಗಲೂ ಹೀಗೇ ಹಾಡ್ತಿದ್ದಾರಾ ಅನ್ನುವ ಹಾಗೆ. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಾನೂ ನಕ್ಕೆ.

ಸುಮಾರು ಒಂದೂವರೆ ಗಂಟೆ ಆದ ಮೇಲೆ ಅದೇ ಅಮ್ಮ ತಟ್ಟೆ ಪಕ್ಕಕ್ಕಿಟ್ಟು, ಸುಮ್ನೆ ಕೂತು, ನನ್ನನ್ನು ಒಂದು ಪ್ರಶ್ನೆ ಕೇಳಿದಳು. "ಪಾಪ, ಅವರಿಗೆ ಯಾರೂ ಹೇಳ್ಲೇ ಇಲ್ವಾ?"

ನನಗೆ ಉತ್ತರ ಹೊಳೆಯಲಿಲ್ಲ. ಆ ಚಿತ್ರವನ್ನು ಆಮೇಲೆ ನಾನು ಮೂರು ಸಲ ನೋಡಿದ್ದೇನೆ. ಹಾಡುವವರಿಗಿಂತ ಜಾಸ್ತಿ ಕೇಳುವವರನ್ನೇ ನೋಡಿದ್ದೇನೆ.

ಚಿತ್ರದ ಹೆಸರು 'ಫ್ಲಾರೆನ್ಸ್ ಫಾಸ್ಟರ್ ಜೆಂಕಿನ್ಸ್'. 2016ರಲ್ಲಿ ಬಂದದ್ದು. ನಿರ್ದೇಶಕ ಸ್ಟೀಫನ್ ಫ್ರಿಯರ್ಸ್. ಫ್ಲಾರೆನ್ಸ್ ಆಗಿ ಮೆರಿಲ್ ಸ್ಟ್ರೀಪ್, ಅವರ ಸಂಗಾತಿ ಸೇಂಟ್ ಕ್ಲೇರ್ ಬೇಫೀಲ್ಡ್ ಆಗಿ ಹ್ಯೂ ಗ್ರಾಂಟ್, ಪಿಯಾನೋ ನುಡಿಸುವ ಕಾಸ್ಮೆ ಮೆಕ್‌ಮೂನ್ ಆಗಿ ಸೈಮನ್ ಹೆಲ್ಬರ್ಗ್. ಮೂವರೂ ನಿಜವಾಗಿ ಬದುಕಿದ್ದವರು.

ಫ್ಲಾರೆನ್ಸ್ ಹುಟ್ಟಿದ್ದು 1868ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ. ಚಿಕ್ಕವರಿದ್ದಾಗ ಚೆನ್ನಾಗಿ ಪಿಯಾನೋ ನುಡಿಸುತ್ತಿದ್ದರು. ಯುರೋಪಿಗೆ ಹೋಗಿ ಸಂಗೀತ ಕಲಿಯುವ ಆಸೆ ಇತ್ತು, ಅಪ್ಪ ದುಡ್ಡು ಕೊಡಲಿಲ್ಲ. ಮನೆ ಬಿಟ್ಟು ಒಬ್ಬ ವೈದ್ಯನನ್ನು ಮದುವೆಯಾದರು. ಅವನಿಂದ ಅವರಿಗೆ ಸಿಫಿಲಿಸ್ ಬಂತು. ಕೈಗೆ ಪೆಟ್ಟಾಗಿ ಪಿಯಾನೋ ಕೂಡ ಹೋಯಿತು. ಕೆಲವು ಕಾಲ ಪಿಯಾನೋ ಪಾಠ ಹೇಳಿಕೊಂಡು ಹೊಟ್ಟೆ ಹೊರೆದರು. 1909ರಲ್ಲಿ ಅಪ್ಪ ತೀರಿಕೊಂಡಾಗ ಆಸ್ತಿ ಬಂತು. 1912ರಲ್ಲಿ, 44ನೇ ವಯಸ್ಸಿನಲ್ಲಿ, ಜನರ ಮುಂದೆ ನಿಂತು ಹಾಡತೊಡಗಿದರು. ಐದು ವರ್ಷದ ನಂತರ ವರ್ಡಿ ಕ್ಲಬ್ ಎಂಬ ಸಂಗೀತದ ಕೂಟ ಕಟ್ಟಿದರು. ನ್ಯೂಯಾರ್ಕಿನ ಎಷ್ಟೋ ಕಲಾವಿದರಿಗೆ ಅವರ ಹಣದಿಂದ ಸಹಾಯವಾಗಿದೆ. ಪ್ರತಿ ವರ್ಷ ರಿಟ್ಜ್-ಕಾರ್ಲ್‌ಟನ್ ಹೋಟೆಲಿನ ಹಾಲಿನಲ್ಲಿ ಅವರ ಕಛೇರಿ. ಟಿಕೆಟ್ ಯಾರಿಗೆ ಸಿಗಬೇಕು ಅನ್ನುವುದನ್ನು ಅವರೇ ನೋಡಿಕೊಳ್ಳುತ್ತಿದ್ದರು. ಅಂದರೆ ಕೇಳಲು ಬರುವವರೆಲ್ಲ ಗೊತ್ತಿದ್ದವರೇ.

ಅವರು ಆರಿಸಿಕೊಳ್ಳುತ್ತಿದ್ದ ಹಾಡುಗಳ ಬಗ್ಗೆ ಒಂದು ಮಾತು ಹೇಳಬೇಕು. ಸುಲಭದ ಹಾಡುಗಳಲ್ಲ ಅವು. ಮೊಜಾರ್ಟನ ಆಪೆರಾದಲ್ಲಿ, ಅಂದರೆ ಹಾಡಿನಲ್ಲೇ ಕಥೆ ಹೇಳುವ ನಾಟಕದಲ್ಲಿ, ರಾತ್ರಿಯ ರಾಣಿ ಸಿಟ್ಟಿನಲ್ಲಿ ಹಾಡುವ ಹಾಡಿದೆ. ತಾರಸ್ಥಾಯಿಯ ತುದಿಯಲ್ಲಿ ಒಂದೊಂದೇ ಸ್ವರವನ್ನು ಮುತ್ತು ಉದುರಿಸಿದ ಹಾಗೆ ಬಿಡಿಬಿಡಿಯಾಗಿ ಹಿಡಿಯಬೇಕು. ಜೀವನವಿಡೀ ಸಾಧನೆ ಮಾಡಿದವರೂ ಅದಕ್ಕೆ ಹೆದರುತ್ತಾರೆ. ಫ್ಲಾರೆನ್ಸ್ ಅದನ್ನೇ ಹಾಡಿದರು. ಇನ್ನೊಂದು 'ಲಕ್ಮೆ' ಎಂಬ ಫ್ರೆಂಚ್ ಆಪೆರಾದ ಗಂಟೆ ಹಾಡು.

ಈ ಲಕ್ಮೆ ನಮಗೆ ದೂರದವಳಲ್ಲ. 1883ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲು ಆಡಿದ ಆ ಆಪೆರಾದ ಕಥೆ ನಡೆಯುವುದು ಬ್ರಿಟಿಷರ ಕಾಲದ ಭಾರತದಲ್ಲಿ. ಲಕ್ಮೆ ಅಂದರೆ ಲಕ್ಷ್ಮಿ, ಫ್ರೆಂಚರ ಬಾಯಲ್ಲಿ ಹಾಗಾಗಿದೆ. ನಮ್ಮ ಅಂಗಡಿಗಳಲ್ಲಿ ಸಿಗುವ ಕಾಡಿಗೆ, ಲಿಪ್‌ಸ್ಟಿಕ್ಕಿನ ಲ್ಯಾಕ್ಮೆಗೆ ಹೆಸರು ಬಂದದ್ದೂ ಅಲ್ಲಿಂದಲೇ. ಇದನ್ನು ಹೇಳಿದಾಗ ಅಮ್ಮನಿಗೆ ಬಹಳ ಖುಷಿಯಾಯಿತು. ಕಥೆಯಲ್ಲಿ ಲಕ್ಮೆಯ ತಂದೆ ನೀಲಕಂಠ ಒಬ್ಬ ಪುರೋಹಿತ. ಮಗಳ ಮನಸ್ಸು ಕದ್ದ ಬ್ರಿಟಿಷ್ ಅಧಿಕಾರಿ ಯಾರು ಅಂತ ಅವನಿಗೆ ಗೊತ್ತಿಲ್ಲ. ಜನ ಸೇರಿದ ಪೇಟೆಯಲ್ಲಿ ಮಗಳ ಕೈಲಿ ಹಾಡಿಸುತ್ತಾನೆ. ಅವಳ ದನಿ ಕೇಳಿ ಗುಂಪಿನಲ್ಲಿ ಯಾರ ಮುಖ ಬದಲಾಗುತ್ತದೋ ಅವನೇ ಕಳ್ಳ. ಹಾಡಿಸುವುದೇ ಕೇಳುಗ ಸಿಕ್ಕಿಬೀಳಲಿ ಅಂತ.

ಸಿನಿಮಾದಲ್ಲಿ ಫ್ಲಾರೆನ್ಸ್ ಈ ಹಾಡನ್ನು ಲಿಲಿ ಪಾನ್ಸ್ ಎಂಬ ದೊಡ್ಡ ಗಾಯಕಿಯ ಕಂಠದಲ್ಲಿ ಕೇಳುತ್ತಾರೆ. ಕೇಳಿ ಕರಗಿಹೋಗುತ್ತಾರೆ. ಮತ್ತೆ ಪಾಠ ಶುರು ಮಾಡಬೇಕು ಅನ್ನಿಸುವುದು ಆಗಲೇ. ಆ ದೃಶ್ಯ ನನಗೆ ತುಂಬಾ ಮುಖ್ಯ. ಸ್ಟ್ರೀಪ್ ಮುಖವನ್ನು ಅಲ್ಲಿ ನೋಡಬೇಕು. ಫ್ಲಾರೆನ್ಸ್‌ಗೆ ಹಾಡಲು ಬರುವುದಿಲ್ಲ, ಆದರೆ ಕೇಳಲು ಬರುತ್ತದೆ. ಒಳ್ಳೆಯ ಹಾಡಿಗೆ ಅವರಷ್ಟು ಸೋಲುವವರು ಆ ಹಾಲಿನಲ್ಲಿ ಇನ್ನೊಬ್ಬರಿದ್ದರೋ ಇಲ್ಲವೋ. ಇಡೀ ಚಿತ್ರದಲ್ಲಿ ಅತ್ಯಂತ ಪ್ರಾಮಾಣಿಕ ಕೇಳುಗರು ಯಾರು ಅಂದರೆ ಫ್ಲಾರೆನ್ಸೇ. ತಮ್ಮ ದನಿಯೊಂದನ್ನು ಬಿಟ್ಟು ಬೇರೆಲ್ಲವನ್ನೂ ಅವರು ಸರಿಯಾಗಿ ಕೇಳುತ್ತಾರೆ.

ಈಗ ಆ ಮೊದಲ ಪಾಠಕ್ಕೆ ಬರುತ್ತೇನೆ. ಅಲ್ಲಿ ನಮಗೆ ನಗು ಬರುವುದು ಬರೀ ಅಪಶ್ರುತಿಯಿಂದಲ್ಲ. ಸುಮ್ನೆ ಕಣ್ಣು ಮುಚ್ಚಿಕೊಂಡು ಕೇಳಿ ನೋಡಿದೆ. ಒಂದು ನಿಮಿಷ ನಗು ಬರುತ್ತದೆ, ಆಮೇಲೆ ಕಿವಿಗೆ ಹಿಂಸೆಯಾಗುತ್ತದೆ ಅಷ್ಟೇ. ಕಣ್ಣು ಬಿಟ್ಟರೆ ಮತ್ತೆ ನಗು. ಯಾಕೆ? ಕ್ಯಾಮೆರಾ ತೋರಿಸುತ್ತಿರುವುದು ಕಾಸ್ಮೆಯ ಮುಖವನ್ನು. ಪಿಯಾನೋ ಮೇಲಿನ ಬೆರಳು ನಿಲ್ಲಿಸುವ ಹಾಗಿಲ್ಲ. ಕಣ್ಣು ಅಗಲವಾಗುತ್ತದೆ, ತುಟಿ ಬಿಗಿಯಾಗುತ್ತದೆ, ಕತ್ತು ಗುರುಗಳ ಕಡೆ ತಿರುಗುತ್ತದೆ. ಗುರುಗಳು ಭೇಷ್ ಅನ್ನುತ್ತಿದ್ದಾರೆ! ಸೇಂಟ್ ಕ್ಲೇರ್ ಮೆಚ್ಚಿಕೊಂಡು ತಲೆದೂಗುತ್ತಿದ್ದಾರೆ. ಎಲ್ಲರಿಗೂ ಒಂದು ಗುಟ್ಟು ಗೊತ್ತಿದೆ, ಕಾಸ್ಮೆಗೆ ಈಗ ತಾನೇ ಗೊತ್ತಾಗುತ್ತಿದೆ. ಅವನ ಜೊತೆಗೇ ನಮಗೂ ಗೊತ್ತಾಗುತ್ತಿದೆ. ಪಾಠ ಮುಗಿದು ಲಿಫ್ಟಿನೊಳಗೆ ಬಂದ ಮೇಲೆ ಅವನ ಕಟ್ಟೆ ಒಡೆಯುತ್ತದೆ. ಅಮ್ಮ ನಕ್ಕಿದ್ದು ಕೂಡ ಅವನ ಜೊತೆಗೇ.

ಸಿನಿಮಾದಲ್ಲಿ ಕೆಟ್ಟದಾಗಿ ಹಾಡುವವರನ್ನು ನಾವು ನೇರವಾಗಿ ಕೇಳುವುದೇ ಇಲ್ಲ. ಮೊದಲು ಕೇಳುವವರು ತೆರೆಯ ಮೇಲೆ ಕೂತಿರುತ್ತಾರೆ. ಅವರು ಮೂಗು ಮುರಿದರೆ ನಾವೂ ಮುರಿಯುತ್ತೇವೆ. ಅವರು ಕಣ್ಣೊರೆಸಿಕೊಂಡರೆ ನಮ್ಮ ಗಂಟಲೂ ಕಟ್ಟುತ್ತದೆ. ನಿರ್ದೇಶಕರು ಬದಲಾಯಿಸುವುದು ಹಾಡನ್ನಲ್ಲ, ಕೇಳುಗರನ್ನು.

ಫ್ರಿಯರ್ಸ್ ಚಿತ್ರದಲ್ಲಿ ಇದು ಎಷ್ಟು ಚೆಂದವಾಗಿ ನಡೆಯುತ್ತದೆ ಅಂದರೆ, ನಗು ಯಾವಾಗ ಕಡಿಮೆಯಾಯಿತು ಅಂತ ನಮಗೇ ತಿಳಿಯುವುದಿಲ್ಲ. ಅಮ್ಮನ ನಗು ನಿಂತದ್ದು ನನಗೆ ನೆನಪಿದೆ. ರಾತ್ರಿ ಮಲಗುವ ಹೊತ್ತು. ಫ್ಲಾರೆನ್ಸ್ ವಿಗ್ ತೆಗೆಯುತ್ತಾರೆ. ಒಳಗೆ ಬೋಳು ತಲೆ. ವರ್ಷಗಟ್ಟಲೆಯ ಕಾಯಿಲೆಯ ಗುರುತು ಅದು. ಸೇಂಟ್ ಕ್ಲೇರ್ ಪಕ್ಕದಲ್ಲಿ ಕೂತು ಕವಿತೆ ಹೇಳಿ ಮಲಗಿಸುತ್ತಾರೆ. ಮಲಗಿಸಿ, ಎದ್ದು, ತಮ್ಮ ಇನ್ನೊಂದು ಮನೆಗೆ ಹೋಗುತ್ತಾರೆ, ಅಲ್ಲಿ ಇನ್ನೊಬ್ಬಳಿದ್ದಾಳೆ. ಅಮ್ಮನಿಗೆ ಆ ಮನುಷ್ಯನ ಮೇಲೆ ಸಿಟ್ಟು ಬಂತು. "ಇಂಥವನಾ ನೋಡ್ಕೊಳ್ಳೋನು" ಅಂದಳು. ಚಿತ್ರ ಮುಗಿಯುವ ಹೊತ್ತಿಗೆ ಆ ಸಿಟ್ಟು ಹೋಗಿರಲಿಲ್ಲ, ಆದರೆ ಅದರ ಪಕ್ಕದಲ್ಲಿ ಬೇರೆ ಏನೋ ಬಂದು ಕೂತಿತ್ತು.

ಮುಂದೆ ಫ್ಲಾರೆನ್ಸ್ ಹಾಡಿದಾಗಲೆಲ್ಲ ನಾವು ನಗುತ್ತೇವೆ, ಆದರೆ ನಗುವಿನೊಳಗೆ ಒಂದು ಭಯ ಸೇರಿಕೊಂಡಿರುತ್ತದೆ. ಅಯ್ಯೋ, ಅವರಿಗೆ ಗೊತ್ತಾಗಿಬಿಟ್ಟರೆ? ಈ ಚಿತ್ರವನ್ನು ಮುಂದಕ್ಕೆ ಎಳೆಯುವುದು ಆ ಭಯವೇ. ಸೇಂಟ್ ಕ್ಲೇರ್ ಪತ್ರಕರ್ತರಿಗೆ ದುಡ್ಡು ಕೊಟ್ಟು ಒಳ್ಳೆಯ ಮಾತು ಬರೆಸುತ್ತಾರೆ. ಅದು ತಪ್ಪು. ನೋಡುವ ನಮಗೆ ಅದು ತಪ್ಪು ಅಂತ ಗೊತ್ತು. ಆದರೂ ಆ ತಪ್ಪು ಗೆಲ್ಲಲಿ ಅಂತ ಬೇಡಿಕೊಳ್ಳುತ್ತಾ ಕೂತಿರುತ್ತೇವೆ. ಲಿಫ್ಟಿನಲ್ಲಿ ಕಾಸ್ಮೆ ಜೊತೆ ನಕ್ಕ ನಾವೇ ಈಗ ಗುಟ್ಟು ಕಾಯುವವರು.

ಚಿತ್ರದಲ್ಲಿ ಆಗ್ನೆಸ್ ಎಂಬ ಹೆಂಗಸಿದ್ದಾಳೆ. ಮಾತು, ನಡವಳಿಕೆ ಎಲ್ಲ ಒರಟು. ಮೊದಲ ಕಛೇರಿಯಲ್ಲಿ ಅವಳಿಗೆ ನಗು ತಡೆಯಲಾಗದೆ ನೆಲದ ಮೇಲೆ ಅಂಬೆಗಾಲಿಟ್ಟು ಹೊರಗೆ ಹೋಗಬೇಕಾಗುತ್ತದೆ. ಮುಂದೆ ನ್ಯೂಯಾರ್ಕಿನ ಹೆಸರಾಂತ ಸಂಗೀತ ಸಭಾಂಗಣ ಕಾರ್ನೆಗಿ ಹಾಲಿನಲ್ಲಿ ನಡೆಯುವ ಕಛೇರಿಯಲ್ಲಿ ಸೈನಿಕರು ಗಹಗಹಿಸಿ ನಗತೊಡಗಿದಾಗ, ಫ್ಲಾರೆನ್ಸ್ ಹಾಡು ನಿಂತುಹೋದಾಗ, ಎದ್ದು ನಿಂತು ಅವರ ಮೇಲೆ ಕೂಗಾಡುವುದು ಅವಳೇ. ಆಕೆ ಜೀವ ಕೊಟ್ಟು ಹಾಡುತ್ತಿದ್ದಾರೆ, ಚಪ್ಪಾಳೆ ಹೊಡೆಯಿರಿ ಅನ್ನುವ ಅರ್ಥದಲ್ಲಿ. ಶಿಷ್ಟಾಚಾರ ಬಲ್ಲ ದೊಡ್ಡ ಮನುಷ್ಯರು ಯಾರೂ ಏಳುವುದಿಲ್ಲ. ಅವರಿಗೆ ನಗು ಅದುಮಿಟ್ಟು ಅಭ್ಯಾಸ. ಅದುಮಿಟ್ಟ ನಗು ಎಂದೂ ಕರುಣೆಯಾಗಿ ಬದಲಾಗುವುದಿಲ್ಲ ಅಂತ ನನಗೆ ಅನ್ನಿಸುತ್ತದೆ. ಆಗ್ನೆಸ್ ಮೊದಲ ಸಲವೇ ಪೂರ್ತಿ ನಕ್ಕುಬಿಟ್ಟಿದ್ದಳು. ಅವಳಲ್ಲಿ ನಗು ಮುಗಿದು ಕೇಳುವುದಕ್ಕೆ ಜಾಗವಾಗಿತ್ತು.

ನಿಜವಾದ ಕಾರ್ನೆಗಿ ಹಾಲಿನ ಕಛೇರಿ ನಡೆದದ್ದು 1944ರ ಅಕ್ಟೋಬರ್ 25ರಂದು. ಫ್ಲಾರೆನ್ಸ್‌ಗೆ 76 ವರ್ಷ. ಟಿಕೆಟ್ಟುಗಳು ವಾರಗಳ ಮೊದಲೇ ಖಾಲಿಯಾಗಿದ್ದವು. ಸುಮಾರು 2000 ಜನ ಟಿಕೆಟ್ ಸಿಗದೆ ಬಾಗಿಲಿನಿಂದ ವಾಪಸಾದರು ಅಂತ ಹೇಳುತ್ತಾರೆ. ಈ ಸಲ ಟಿಕೆಟ್ ಯಾರು ಬೇಕಾದರೂ ಕೊಳ್ಳಬಹುದಿತ್ತು. ಹಾಗಾಗಿ ವಿಮರ್ಶಕರೂ ಬಂದರು.

ಅದಕ್ಕೂ ಮೊದಲಿನ ವರ್ಷಗಳಲ್ಲಿ, ಗೊತ್ತಿದ್ದವರ ಕೂಟಗಳಲ್ಲಿ, ಜನ ಹೇಗೆ ಕೇಳುತ್ತಿದ್ದರು ಅಂತ ಮೆಕ್‌ಮೂನ್ ಮುಂದೆ ಒಂದು ಸಂದರ್ಶನದಲ್ಲಿ ಹೇಳಿದ್ದಾರೆ. ಅದನ್ನು ಓದಿದಾಗ ನಾನು ಓದುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಕೂತೆ. ಜನ ಆಕೆಯ ಮನಸ್ಸು ನೋಯಿಸಬಾರದು ಅಂತ ಒಂದು ಉಪಾಯ ಮಾಡಿಕೊಂಡಿದ್ದರಂತೆ. ಸ್ವರ ತೀರಾ ತಪ್ಪಿ, ನಗು ತಡೆಯುವುದೇ ಆಗದು ಅನ್ನುವ ಕ್ಷಣ ಬಂದಾಗ ಎಲ್ಲರೂ ಒಟ್ಟಿಗೆ ಜೋರಾಗಿ ಚಪ್ಪಾಳೆ ತಟ್ಟಿ ಸಿಳ್ಳೆ ಹೊಡೆಯುತ್ತಿದ್ದರಂತೆ. ಆ ಗದ್ದಲದ ಮರೆಯಲ್ಲಿ ಬೇಕಾದಷ್ಟು ನಗಬಹುದಿತ್ತು. ಫ್ಲಾರೆನ್ಸ್‌ಗೆ ಕೇಳಿಸಿದ್ದು ಚಪ್ಪಾಳೆ ಮಾತ್ರ.

ಇದನ್ನು ಪ್ರೀತಿ ಅನ್ನಬೇಕೋ ಕ್ರೌರ್ಯ ಅನ್ನಬೇಕೋ? ನಾನು ಬಹಳ ಯೋಚಿಸಿದ್ದೇನೆ. ನನಗೆ ಅನ್ನಿಸುವುದು, ಎರಡೂ ಒಂದೇ ಚಪ್ಪಾಳೆಯಲ್ಲಿದ್ದವು. ಪಕ್ಕಪಕ್ಕ ಕೂತ ಇಬ್ಬರು ಒಂದೇ ಥರ ಕೈ ತಟ್ಟುತ್ತಿರಬಹುದು. ಒಬ್ಬರಿಗೆ ಆಕೆ ನಗೆಪಾಟಲು, ಇನ್ನೊಬ್ಬರಿಗೆ ಆಕೆ ಬೇಕಾದವರು. ವೇದಿಕೆಯಿಂದ ನೋಡಿದರೆ ವ್ಯತ್ಯಾಸ ಕಾಣುವುದಿಲ್ಲ. ಲಕ್ಮೆಯ ಅಪ್ಪ ನಂಬಿದ ಹಾಗೆ ಎಲ್ಲ ಕೇಳುಗರೂ ಸಿಕ್ಕಿಬೀಳುವುದಿಲ್ಲ.

ಫ್ಲಾರೆನ್ಸ್ ಬಗ್ಗೆ ನನಗೆ ಇಷ್ಟವಾದ ಕಥೆ ಇನ್ನೊಂದಿದೆ. 1943ರಲ್ಲಿ ಅವರು ಕೂತಿದ್ದ ಟ್ಯಾಕ್ಸಿಗೆ ಅಪಘಾತವಾಯಿತು. ಗಾಬರಿಯಲ್ಲಿ ಕಿರುಚಿದ ಮೇಲೆ ತಮ್ಮ ಕಂಠ ಮೊದಲಿಗಿಂತ ಮೇಲಿನ ಸ್ವರ ಮುಟ್ಟುತ್ತಿದೆ ಅಂತ ಅವರಿಗೆ ಅನ್ನಿಸಿತು. ಡ್ರೈವರ್ ಮೇಲೆ ಕೇಸು ಹಾಕಲಿಲ್ಲ, ಬದಲಿಗೆ ಅವನಿಗೆ ದುಬಾರಿ ಸಿಗಾರಿನ ಪೆಟ್ಟಿಗೆ ಕಳಿಸಿದರು. ಹೂವಿನ ಹಾಡೊಂದನ್ನು ಹಾಡುವಾಗ ಬುಟ್ಟಿಯಿಂದ ಹೂವು ತೆಗೆದು ಜನರ ಮೇಲೆ ಎಸೆಯುತ್ತಿದ್ದರು. ಜನ ಮತ್ತೊಮ್ಮೆ ಹಾಡಿ ಅಂದರೆ, ಎಸೆದ ಹೂವನ್ನೆಲ್ಲ ಆರಿಸಿ ತಂದು ಬುಟ್ಟಿಗೆ ಹಾಕಿ ಮತ್ತೆ ಅದೇ ಹಾಡು. ಇಷ್ಟು ಸಂತೋಷ ಕಣ್ಣೆದುರು ಕುಣಿಯುತ್ತಿದ್ದರೆ ಒಬ್ಬ ಕೇಳುಗ ಏನು ಮಾಡಬೇಕು? ಕಿವಿ ಬೇಡ ಅನ್ನುತ್ತದೆ, ಕಣ್ಣು ಇನ್ನೊಂದು ಸ್ವಲ್ಪ ಇರೋಣ ಅನ್ನುತ್ತದೆ.

ಕಛೇರಿಯ ಮರುದಿನ ಪತ್ರಿಕೆಗಳು ನಿರ್ದಯವಾಗಿ ಬರೆದವು. ನ್ಯೂಯಾರ್ಕ್ ಪೋಸ್ಟ್‌ನ ಅರ್ಲ್ ವಿಲ್ಸನ್, ಊರಿಗೆ ಊರೇ ಸೇರಿ ಮಾಡಿದ ವಿಚಿತ್ರ ತಮಾಷೆ ಇದು ಅನ್ನುವ ಧಾಟಿಯಲ್ಲಿ ಬರೆದರು. ಐದು ದಿನದ ನಂತರ ಸಂಗೀತದ ಪುಸ್ತಕ ಕೊಳ್ಳಲು ಅಂಗಡಿಗೆ ಹೋಗಿದ್ದಾಗ ಫ್ಲಾರೆನ್ಸ್‌ಗೆ ಹೃದಯಾಘಾತವಾಯಿತು. ನವೆಂಬರ್ 26ರಂದು ತೀರಿಕೊಂಡರು. ಸಿನಿಮಾದಲ್ಲಿ ಸೇಂಟ್ ಕ್ಲೇರ್ ಆ ಪತ್ರಿಕೆಯ ಪ್ರತಿಗಳನ್ನೆಲ್ಲ ಕೊಂಡು ಕಸಕ್ಕೆ ಎಸೆಯಿಸುತ್ತಾರೆ. ಆದರೂ ಒಂದು ಪ್ರತಿ ಫ್ಲಾರೆನ್ಸ್ ಕೈಗೆ ಸಿಗುತ್ತದೆ. ಆ ದೃಶ್ಯದಲ್ಲಿ ಅಮ್ಮ "ಬೇಡ, ಬೇಡ, ಓದ್ಬೇಡಿ" ಅಂದಳು, ಟೀವಿಗೆ.

ಒಂದು ಮಾತು ನೇರವಾಗಿ ಹೇಳುತ್ತೇನೆ. ವಿಲ್ಸನ್ ಬರೆದದ್ದರಲ್ಲಿ ಸುಳ್ಳಿರಲಿಲ್ಲ. ಜನ ದುಡ್ಡು ಕೊಟ್ಟು ಟಿಕೆಟ್ ಕೊಂಡಿದ್ದರು. ಅದೇ ವೇದಿಕೆಗಾಗಿ ಹತ್ತಾರು ವರ್ಷ ಗಂಟಲು ಸವೆಸಿದ, ಕೈಯಲ್ಲಿ ಕಾಸಿಲ್ಲದ ಹುಡುಗಿಯರು ಅದೇ ಊರಿನಲ್ಲಿದ್ದರು. ವಿಮರ್ಶಕನಿಗೆ ಅವರ ಋಣವೂ ಇರುತ್ತದೆ. ಸಂಗೀತ ಅಂದರೆ ಶ್ರುತಿಯೇ ತಾಯಿ, ಲಯವೇ ತಂದೆ ಅಂತ ಕಲಿತವರು ನಾವು. ಮನಸ್ಸು ಒಳ್ಳೆಯದು ಅಂತ ಶ್ರುತಿ ಸೇರಿಬಿಡುವುದಿಲ್ಲ. ಹಾಗಂತ ಒಂದು ಪತ್ರಿಕೆಯನ್ನು ಬಚ್ಚಿಟ್ಟವರನ್ನು ಬೈಯಲೂ ನನಗೆ ಮನಸ್ಸು ಬರುವುದಿಲ್ಲ. ತಾಳಮಾನ ಅರಿಯೆ, ಒಲಿದಂತೆ ಹಾಡುವೆ ಅಂದ ಬಸವಣ್ಣನವರಿಗೆ ಎದುರಿಗಿದ್ದ ಕೇಳುಗ ಕೂಡಲಸಂಗಮದೇವ. ಕಾರ್ನೆಗಿ ಹಾಲಿನಲ್ಲಿ ಇದ್ದವರು ಮನುಷ್ಯರು.

ಫ್ಲಾರೆನ್ಸ್ ಬದುಕನ್ನೇ ಬೀಜವಾಗಿ ಇಟ್ಟುಕೊಂಡು ಫ್ರೆಂಚರು ಒಂದು ವರ್ಷ ಮೊದಲೇ, 2015ರಲ್ಲಿ, ಇನ್ನೊಂದು ಚಿತ್ರ ಮಾಡಿದ್ದರು. 'ಮಾರ್ಗರೀತ್'. ಕಥೆ 1920ರ ದಶಕದ ಫ್ರಾನ್ಸಿನದು. ಕ್ಯಾಥರೀನ್ ಫ್ರೋ ಎಂಬ ನಟಿ ಅದ್ಭುತವಾಗಿ ಮಾಡಿದ್ದಾರೆ. ಇಲ್ಲಿಯ ಗಂಡ ಹೆಂಡತಿಯ ಕಛೇರಿ ಇರುವ ದಿನ ದಾರಿಯಲ್ಲಿ ಕಾರು ಕೆಟ್ಟಿದೆ ಅಂತ ಸುಳ್ಳು ಹೇಳಿ ರಸ್ತೆ ಬದಿ ನಿಂತಿರುತ್ತಾನೆ. ಹಾಡು ಮುಗಿದ ಮೇಲೆ ಬರುತ್ತಾನೆ. ಅವಳು ಹಾಡುವುದೆಲ್ಲ ಅವನು ಒಮ್ಮೆ ಕೇಳಲಿ ಅಂತ. ನನಗೆ ಇದು ಯಾವ ಅಪಹಾಸ್ಯಕ್ಕಿಂತಲೂ ದೊಡ್ಡ ಶಿಕ್ಷೆ ಅನ್ನಿಸಿತು. ನಕ್ಕವರು ಕೊನೇ ಪಕ್ಷ ಎದುರಿಗೆ ಕೂತಿದ್ದರು.

ಆ ಚಿತ್ರದ ಕೊನೆಯಲ್ಲಿ ಆಸ್ಪತ್ರೆಯಲ್ಲಿ ಮಾರ್ಗರೀತ್‌ಳ ದನಿಯನ್ನು ಮುದ್ರಿಸಿ ಅವಳಿಗೇ ಕೇಳಿಸುತ್ತಾರೆ. ನಿಜ ಹೇಳಿದರೆ ವಾಸಿಯಾಗುತ್ತಾಳೆ ಅನ್ನುವ ಲೆಕ್ಕ. ಅವಳು ಕೇಳುತ್ತಾಳೆ. ಕುಸಿದುಬೀಳುತ್ತಾಳೆ. ಆಗ ನನ್ನ ಕೈಯಲ್ಲಿದ್ದ ಕಾಫಿ ಆರಿಹೋಗಿತ್ತು. ಅಮ್ಮನಿಗೆ ಈ ಚಿತ್ರ ತೋರಿಸಲಿಲ್ಲ. ಅವಳ ಪ್ರಶ್ನೆಗೆ ಇದೂ ಒಂದು ಉತ್ತರ, ಹೇಳಿದರೆ ಏನಾಗುತ್ತದೆ ಅಂತ. ಆದರೆ ಆ ಉತ್ತರ ಅವಳಿಗೆ ಬೇಡ ಅನ್ನಿಸಿತು.

ಇನ್ನು 1941ರ ಅಮೆರಿಕನ್ ಚಿತ್ರ 'ಸಿಟಿಜನ್ ಕೇನ್'. ಅಲ್ಲಿಯ ಸೂಸನ್‌ಗೆ ತನಗೆ ಬರುವುದಿಲ್ಲ ಅಂತ ಚೆನ್ನಾಗಿ ಗೊತ್ತು. ಹಠ ಇರುವುದು ಗಂಡ ಕೇನ್‌ಗೆ. ಅವಳಿಗಾಗಿ ಆಪೆರಾ ಮಂದಿರವನ್ನೇ ಕಟ್ಟಿಸುತ್ತಾನೆ. ಅವಳು ಹಾಡುವಾಗ ಕ್ಯಾಮೆರಾ ಮೇಲೆ ಮೇಲೆ ಹತ್ತಿ ಅಟ್ಟದ ಮೇಲಿನ ಇಬ್ಬರು ಕೆಲಸಗಾರರನ್ನು ತಲುಪುತ್ತದೆ. ಒಬ್ಬ ಮೂಗು ಹಿಡಿದುಕೊಳ್ಳುತ್ತಾನೆ. ಕೆಳಗೆ ಜನರ ಚಪ್ಪಾಳೆ ಬೇಗ ನಿಲ್ಲುತ್ತದೆ, ಕೇನ್ ಒಬ್ಬನೇ ಎದ್ದು ನಿಂತು ತಟ್ಟುತ್ತಲೇ ಇರುತ್ತಾನೆ. ಅಲ್ಲಿ ನನಗೆ ನಗು ಬರಲಿಲ್ಲ, ಅಳುವೂ ಬರಲಿಲ್ಲ, ಸಂಕಟವಾಯಿತು. ಹಾಡುವವಳ ಕಣ್ಣಲ್ಲಿ ಆಸೆಯಿಲ್ಲ. ಫ್ಲಾರೆನ್ಸ್‌ರನ್ನು ನಾವು ಸಹಿಸುವುದು, ಸಹಿಸುತ್ತಾ ಪ್ರೀತಿಸುವುದು, ಆ ಆಸೆಗೋಸ್ಕರ ಅಂತ ಸೂಸನ್‌ಳನ್ನು ನೋಡಿದ ಮೇಲೆ ನನಗೆ ಅರ್ಥವಾಯಿತು.

ನಮ್ಮ ಸಿನಿಮಾಗಳಲ್ಲಿ ಇಂಥ ಪಾತ್ರ ಯಾಕೆ ಕಡಿಮೆ ಅಂತಲೂ ಯೋಚಿಸಿದೆ. ನಮ್ಮಲ್ಲಿ ಹಿನ್ನೆಲೆ ಗಾಯಕರಿದ್ದಾರೆ. ನಾಯಕನಿಗೆ ಹಾಡು ಬರುವುದಿಲ್ಲ ಅನ್ನುವ ಪ್ರಶ್ನೆಯೇ ಏಳುವುದಿಲ್ಲ, ತುಟಿ ತೆರೆದರೆ ಪಿ.ಬಿ. ಶ್ರೀನಿವಾಸ್ ಬರುತ್ತಾರೆ, ಎಸ್ಪಿಬಿ ಬರುತ್ತಾರೆ. ಡಾ. ರಾಜ್ ತಮ್ಮ ಕಂಠದಲ್ಲೇ ಹಾಡತೊಡಗಿದಾಗ ಜನ ಅಷ್ಟು ಬೆರಗಾದದ್ದು ಅದಕ್ಕೇ. ಹಿಂದಿಯ 'ಪಡೋಸನ್' (1968) ಮಾತ್ರ ಈ ಗುಟ್ಟನ್ನೇ ಕಥೆ ಮಾಡಿಕೊಂಡಿತು. ಕಿಟಕಿಯಲ್ಲಿ ನಿಂತು ಬಾಯಿ ಆಡಿಸುವವನು ಭೋಲಾ, ಮರೆಯಲ್ಲಿ ಹಾಡುವವನು ಕಿಶೋರ್ ಕುಮಾರ್ ಮಾಡಿದ ಗುರು. ಹುಡುಗಿ ಒಲಿದದ್ದು ಆ ದನಿಗೆ. ಗುಟ್ಟು ಬಯಲಾದಾಗ ಅವಳಿಗೆ ಸಿಟ್ಟು ಬರುತ್ತದೆ. ಭೋಲಾನ ಸ್ವಂತ ದನಿಯಲ್ಲೇ ಒಂದು ಇಡೀ ಹಾಡು ಇದ್ದಿದ್ದರೆ ನಾವು ಹೇಗೆ ಕೇಳುತ್ತಿದ್ದೆವೋ.

ನನ್ನ ಚಿಕ್ಕಮ್ಮನ ವಿಷಯ ಹೇಳದೆ ಈ ಬರಹ ಮುಂದೆ ಹೋಗುವುದಿಲ್ಲ.

ನಮ್ಮ ಮನೆಗಳಲ್ಲಿ ಆರತಿ ಎತ್ತುವ ಹೊತ್ತಿಗೆ "ಯಾರಾದ್ರೂ ಒಂದು ಹಾಡು ಹೇಳ್ರಮ್ಮ" ಅನ್ನುವ ಮಾತು ಬರುತ್ತದೆ. ಬೇರೆಯವರು ನೀನು ಹೇಳು, ನೀನು ಹೇಳು ಅನ್ನುತ್ತಿರುವಾಗಲೇ ಚಿಕ್ಕಮ್ಮ ಶುರು ಮಾಡಿಬಿಡುತ್ತಿದ್ದರು. ಅವರಿಗೆ ಶ್ರುತಿ ಎಂದೂ ನಿಲ್ಲಲಿಲ್ಲ. ಮೊದಲ ಸಾಲಿನಲ್ಲಿ ಒಂದು, ಎರಡನೇ ಸಾಲಿನಲ್ಲಿ ಇನ್ನೊಂದು. ಆದರೆ ಸಾಹಿತ್ಯ ಒಂದಕ್ಷರ ತಪ್ಪುತ್ತಿರಲಿಲ್ಲ. ಹಸೆಗೆ ಕರೆಯುವ ಹಾಡು, ಆರತಿ ಹಾಡು, ಹೂವು ಮುಡಿಸುವ ಹಾಡು, ತೊಟ್ಟಿಲಿನ ಹಾಡು, ಎಲ್ಲ ಅವರ ಬಾಯಲ್ಲಿತ್ತು. ಯಾರೂ ನಗುತ್ತಿರಲಿಲ್ಲ. ಯಾಕೆಂದರೆ ಯಾರೂ ಹಾಡು ಕೇಳುತ್ತಿರಲಿಲ್ಲ, ಆರತಿ ನಡೆಯುತ್ತಿತ್ತು. ಕುಂಕುಮದ ಬಟ್ಟಲು ಕೈ ಬದಲಾಗುತ್ತಿತ್ತು, ಮಗು ಅಳುತ್ತಿತ್ತು, ಆ ಗಲಾಟೆಯ ನಡುವೆ ಅವರ ದನಿ ಕೂಡ ಶುಭಕಾರ್ಯದ ಒಂದು ಭಾಗ.

ಒಂದು ಮದುವೆಯ ಆರತಕ್ಷತೆಯಲ್ಲಿ ಯಾರೋ ಅವರ ಕೈಗೆ ಮೈಕ್ ಕೊಟ್ಟರು. ಛತ್ರದ ತುಂಬ ಕುರ್ಚಿ ಹಾಕಿದ್ದರು, ಎಲ್ಲರೂ ವೇದಿಕೆಯ ಕಡೆ ಮುಖ ಮಾಡಿ ಕೂತಿದ್ದರು. ಅದೇ ಹಾಡು, ಅದೇ ದನಿ. ಮೂರನೇ ಸಾಲಿಗೆ ಹಿಂದಿನಿಂದ ಕಿಸಕ್ಕೆಂದು ನಗು ಕೇಳಿಸಿತು, ಆಮೇಲೆ ಹರಡಿತು. ಯಾರೋ ಮೊಬೈಲ್ ಎತ್ತಿ ಹಿಡಿದರು. ನಾನು ಮುಂದಿನಿಂದ ನಾಲ್ಕನೇ ಸಾಲಿನಲ್ಲಿದ್ದೆ. ನಗಲಿಲ್ಲ. ಆದರೆ ಹಿಂತಿರುಗಿ ಸುಮ್ನಿರಿ ಅಂತಲೂ ಅನ್ನಲಿಲ್ಲ. ಚಿಕ್ಕಮ್ಮ ಹಾಡನ್ನು ಪೂರ್ತಿ ಮುಗಿಸಿ, ಮೈಕನ್ನು ಮೆತ್ತಗೆ ಮೇಜಿನ ಮೇಲಿಟ್ಟು ಇಳಿದು ಬಂದರು.

ಈಗ ಗೌರಿ ಹಬ್ಬಕ್ಕೆ ಹಾಡು ಹೇಳಿ ಅಂದರೆ ಗಂಟಲು ಸರಿಯಿಲ್ಲ ಅನ್ನುತ್ತಾರೆ. ಮೊಬೈಲಿನಲ್ಲಿ ಆರತಿ ಹಾಡು ಹಾಕುತ್ತೇವೆ. ಶ್ರುತಿ ಸರಿಯಾಗಿರುತ್ತದೆ.

ಅಮ್ಮ ಅಂದು "ಯಾರೂ ಹೇಳ್ಲೇ ಇಲ್ವಾ" ಅಂದಾಗ ನನಗೆ ಉತ್ತರ ಹೊಳೆಯದೇ ಇದ್ದದ್ದು ಇದಕ್ಕೆ. ಚಿಕ್ಕಮ್ಮನಿಗೆ ನಾವು ಹೇಳಿಬಿಟ್ಟಿದ್ದೆವು. ಅದನ್ನು ಅಮ್ಮನಿಗೆ ನೆನಪಿಸಲು ನನಗೆ ಧೈರ್ಯ ಬರಲಿಲ್ಲ.

ಜನ ಏನೇ ಅನ್ನಲಿ, ನನಗೆ ಹಾಡಲು ಬರುವುದಿಲ್ಲ ಅನ್ನಬಹುದು, ನಾನು ಹಾಡಲೇ ಇಲ್ಲ ಅಂತ ಯಾರೂ ಅನ್ನಲಾರರು. ಫ್ಲಾರೆನ್ಸ್ ಹೇಳಿದ್ದು ಅಂತ ಈ ಮಾತು ಪ್ರಸಿದ್ಧ. ಸಿನಿಮಾ ಇದನ್ನು ಅವರ ಕೊನೆಯ ಗಳಿಗೆಗಳಿಗೆ ಇಟ್ಟಿದೆ. ಆ ಹೊತ್ತಿನಲ್ಲಿ ಫ್ಲಾರೆನ್ಸ್ ತಮ್ಮ ದನಿಯನ್ನು ತಾವು ಕೇಳಿಕೊಂಡ ಹಾಗೆ ನಮಗೂ ಒಮ್ಮೆ ಕೇಳಿಸುತ್ತದೆ. ಸ್ಟ್ರೀಪ್ ನಿಜವಾಗಿ ಚೆನ್ನಾಗಿ ಹಾಡುತ್ತಾರೆ. ಅವರು ಹದಿಹರೆಯದಲ್ಲಿ ಆಪೆರಾ ಕಲಿತವರು. ಈ ಚಿತ್ರಕ್ಕಾಗಿ ಹಾಡುಗಳನ್ನು ಮೊದಲು ಸರಿಯಾಗಿ ಕಲಿತು ಆಮೇಲೆ ಎಲ್ಲೆಲ್ಲಿ ಜಾರಬೇಕೋ ಅಲ್ಲಿ ಜಾರಿದರು. ಶೂಟಿಂಗ್ ವೇಳೆ ಅಲ್ಲೇ ಹಾಡಿದರು, ಹೆಲ್ಬರ್ಗ್ ಅಲ್ಲೇ ಪಿಯಾನೋ ನುಡಿಸಿದರು. ಆ ಜಾರುವಿಕೆಯಲ್ಲೇ ಎಲ್ಲ ಇದೆ. ದನಿ ಸ್ವರದ ಹತ್ತಿರ ಹತ್ತಿರ ಹೋಗುತ್ತದೆ, ಇನ್ನೇನು ಸಿಕ್ಕಿತು ಅನ್ನುವಾಗ ತಪ್ಪಿಹೋಗುತ್ತದೆ. ಪ್ರತಿ ಸಲವೂ ಈ ಸಲ ಸಿಗುತ್ತದೇನೋ ಅಂತ ನಾವು ಉಸಿರು ಹಿಡಿಯುತ್ತೇವೆ.

ನಿಜವಾದ ಫ್ಲಾರೆನ್ಸ್ ದನಿಯೂ ಉಳಿದಿದೆ. 1940ರ ದಶಕದ ಮೊದಲ ವರ್ಷಗಳಲ್ಲಿ ಮೆಲೊಟೋನ್ ಎಂಬ ಸ್ಟುಡಿಯೋದಲ್ಲಿ ತಮ್ಮದೇ ದುಡ್ಡಿನಲ್ಲಿ ಮುದ್ರಿಸಿದ ಗ್ರಾಮಫೋನ್ ತಟ್ಟೆಗಳು. ಈಗ ಇಂಟರ್‌ನೆಟ್ಟಿನಲ್ಲಿ ಸಿಗುತ್ತವೆ. ನಾನು ಮೊದಲು ಕೇಳಿದಾಗ ನಕ್ಕಿದ್ದೆ. ಹೋದ ವಾರ ರಾತ್ರಿ, ಮನೆಯವರೆಲ್ಲ ಮಲಗಿದ ಮೇಲೆ, ಇಯರ್‌ಫೋನ್ ಹಾಕಿಕೊಂಡು ಮತ್ತೆ ಕೇಳಿದೆ. ಗಂಟೆ ಹಾಡು. ಈ ಸಲ ಕಂಠದ ಕಡೆ ಗಮನ ಕೊಡದೆ ಪಿಯಾನೋ ಒಂದನ್ನೇ ಹಿಡಿದುಕೊಂಡು ಕೂತೆ.

ಸಿನಿಮಾದ ಕಾಸ್ಮೆ ಆಗ ತಾನೇ ಕೆಲಸಕ್ಕೆ ಬಂದವನು. ನಿಜವಾದ ಮೆಕ್‌ಮೂನ್ ವರ್ಷಗಟ್ಟಲೆ ಆಕೆಯ ಜೊತೆ ನುಡಿಸಿದವರು. ಅದು ಕೇಳಿದರೆ ಗೊತ್ತಾಗುತ್ತದೆ. ಆಕೆ ಒಂದು ಸಾಲನ್ನು ಬೇಗ ಮುಗಿಸಿಬಿಡುತ್ತಾರೆ, ಪಿಯಾನೋ ಓಡಿಬಂದು ಜೊತೆ ಸೇರುತ್ತದೆ. ಮೇಲಿನ ಸ್ವರಕ್ಕೆ ಮೊದಲು ಆಕೆಗೆ ಉಸಿರು ಸಾಲುವುದಿಲ್ಲ, ಅಲ್ಲಿ ತಾಳ ಸ್ವಲ್ಪ ನಿಲ್ಲುತ್ತದೆ. ಬೆರಳುಗಳು ಕಾಯುತ್ತವೆ. ಆಕೆ ಉಸಿರು ಎಳೆದುಕೊಳ್ಳುವುದು ಕೂಡ ಕೇಳಿಸುತ್ತದೆ. ಆಮೇಲೆ ಇಬ್ಬರೂ ಒಟ್ಟಿಗೆ ಹೊರಡುತ್ತಾರೆ.